ಅಜ್ಜಿಯ ಮೌನಕ್ಕೆ ಎರಡು ಭಾಷೆ

ಸಿಗ್ರುನ್ ಬ್ಯಾರ್ಡಲ್ ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಉದಯೋನ್ಮುಖ ಕಲಾವಿದೆಯಾಗಿದ್ದಾರೆ. ಇದು ಯಾವುದೋ ಅಭಿಮಾನಿಯ ಹೊಗಳಿಕೆಯಲ್ಲ. ಹುಲ್ಲುಗಾವಲು ಕಲಾ ನೆರವು ಮಂಡಳಿಯ ಆರನೆಯ ನಿಯಮದ ಎರಡನೆಯ ಉಪನಿಯಮದ ಪ್ರಕಾರ, ಒಟ್ಟು ಮೂವತ್ತು ನಿಮಿಷಗಳಷ್ಟು ಚಿತ್ರ ಪೂರೈಸದ ಅನಿಮೇಷನ್ ನಿರ್ದೇಶಕರೆಲ್ಲರೂ ಉದಯೋನ್ಮುಖರು. ಸಿಗ್ರುನ್ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೂರು ಚಿತ್ರ ಮಾಡಿದ್ದಾರೆ, ಒಟ್ಟು ಹದಿನಾಲ್ಕು ನಿಮಿಷ. ಇದೇ ವೇಗದಲ್ಲಿ ಸಾಗಿದರೆ ಎಂಬತ್ತಾರನೆಯ ವಯಸ್ಸಿಗೆ ಅವರ ಉದಯ ಪೂರ್ಣಗೊಳ್ಳುತ್ತದೆಂದು ನಾನೇ ಲೆಕ್ಕ ಹಾಕಿ ಮಂಡಳಿಗೆ ತಿಳಿಸಿದೆ. ಮಂಡಳಿ ನನ್ನನ್ನು ಅಭಿನಂದಿಸಿ ಪತ್ರ ಬರೆಯಿತು.

ನಾನು ವಿನ್ನಿಪೆಗ್ಗಿನ ಕೆಂಪುನದಿ ಚಲನಚಿತ್ರ ಸಹಕಾರ ಸಂಘದ ಕಾರ್ಯದರ್ಶಿ. ಹಳೆಯ ಧಾನ್ಯದ ಉಗ್ರಾಣವೊಂದರ ಮೂರನೆಯ ಮಹಡಿ ನಮ್ಮದು. ಕಿಟಕಿಯ ಪಕ್ಕದ ಮೇಜು ಸಿಗ್ರುನ್‌ಳದು. ಕಾಗದದಲ್ಲಿ ಏಕವಚನ ಬರೆಯಬಾರದು ಎಂದು ಗೊತ್ತು, ಆದರೆ ಇಪ್ಪತ್ತು ವರ್ಷ ಒಂದೇ ಕೆಟಲಿನ ಚಹಾ ಕುಡಿದವಳನ್ನು ಬಹುವಚನದಲ್ಲಿ ಎಷ್ಟು ಹೊತ್ತು ಕೂರಿಸಲಿ? ಆ ಮೇಜಿನ ಮುಂದೆ ಅವಳು ಒಂಬತ್ತು ವರ್ಷ ಕೂತು, ಸೆಕೆಂಡಿಗೆ ಹನ್ನೆರಡರಂತೆ ಐದು ಸಾವಿರದ ನಲವತ್ತು ಚಿತ್ರಗಳನ್ನು ಪೆನ್ಸಿಲಿನಲ್ಲಿ ಬರೆದಳು. ಅವೆಲ್ಲ ಸೇರಿ ಅವಳ ನಾಲ್ಕನೆಯ ಚಲನಚಿತ್ರ. ಅವಧಿ ಏಳು ನಿಮಿಷ.

ಚಿತ್ರದ ಕಥೆ ಇಷ್ಟೆ. ಐಸ್‌ಲ್ಯಾಂಡಿನಿಂದ ಬಂದು ನೆಲೆಸಿದವರ ಗಿಮ್ಲಿ ಊರಿನಲ್ಲಿ ಸಿಗ್ರುನ್‌ಳ ಅಜ್ಜಿ ನಲವತ್ತು ಚಳಿಗಾಲ ತನ್ನ ಬಾಗಿಲಿನ ಹಿಮ ತೆಗೆದ ಮೇಲೆ ಎದುರುಮನೆ ಇಂಗಾಳ ಬಾಗಿಲಿನ ಹಿಮವನ್ನೂ ತೆಗೆದು ಹೋಗುತ್ತಿದ್ದಳು. ಅದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಇಂಗಾ ಕೂಡ ಆಡಲಿಲ್ಲ. ನಮ್ಮ ಕಡೆ ಅದು ಹಾಗೆಯೇ. ಪಕ್ಕದವರು ನಮ್ಮ ದಾರಿಯ ಹಿಮ ತೆಗೆದುಕೊಟ್ಟರೆ ಕಿಟಕಿಯಿಂದ ಕಾಫಿ ಲೋಟ ಸ್ವಲ್ಪ ಮೇಲೆತ್ತಬೇಕು, ಅಷ್ಟೆ. ಬಾಯಿಬಿಟ್ಟು ಹೇಳಿದರೆ ಇಬ್ಬರಿಗೂ ಮುಜುಗರ. ಚಿತ್ರದ ಕೊನೆಗೆ ಇಂಗಾ ಲೋಟ ಎತ್ತುತ್ತಾಳೆ, ಅಜ್ಜಿ ಸಲಿಕೆ ಎತ್ತುತ್ತಾಳೆ, ಇಬ್ಬರೂ ಇಪ್ಪತ್ತೆರಡು ಸೆಕೆಂಡು ಸುಮ್ಮನೆ ನಿಲ್ಲುತ್ತಾರೆ. ಇದೆಲ್ಲ ನಡೆಯುವುದು ಪರದೆಯ ಕೆಳಭಾಗದಲ್ಲಿ. ನಮ್ಮ ಬಯಲಿನಲ್ಲಿ ಎಲ್ಲವೂ ಕೆಳಗೇ ನಡೆಯುತ್ತದೆ, ಮೇಲಿರುವುದು ಬರೀ ಆಕಾಶ.

ಅಜ್ಜಿ ತೀರಿಹೋಗಿ ಬಹಳ ಕಾಲವಾಯಿತು. ಇಂಗಾ ಇದ್ದಾಳೆ, ತೊಂಬತ್ತನಾಲ್ಕು ವರ್ಷ. ಕಣ್ಣು ಮಂಜಾಗುತ್ತಿದೆ, ಏಪ್ರಿಲ್‌ವರೆಗೆ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಇಂಗಾ ಈ ಚಿತ್ರ ನೋಡಬೇಕು ಎಂಬುದೊಂದೇ ಸಿಗ್ರುನ್‌ಳ ಆಸೆ. ಆದರೆ ನೆರವಿನ ಕರಾರಿನ ಪ್ರಕಾರ, ಮಂಡಳಿಯ ಪೂರ್ಣತಾ ಪತ್ರ ಬರುವ ತನಕ ಚಿತ್ರವನ್ನು ಹೊರಗಿನವರಾರಿಗೂ ತೋರಿಸುವಂತಿಲ್ಲ.

ಜನವರಿಯಲ್ಲಿ ಮಂಡಳಿಯ ಪೂರ್ಣತಾ ಅಧಿಕಾರಿ ಡಾರ್ಲೀನ್ ಪೆನ್ನರ್ ಬಂದರು. ತುಂಬ ಒಳ್ಳೆಯ ಹೆಂಗಸು, ಮನೆಯಲ್ಲಿ ಮಾಡಿದ ಬನ್ನು ತಂದಿದ್ದರು. ಚಿತ್ರ ನೋಡಿ ಕಣ್ಣು ಒರೆಸಿಕೊಂಡರು, ಆಮೇಲೆ ಕಡತ ತೆರೆದರು. ನಮ್ಮ ದೇಶದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಅಧಿಕೃತ ಭಾಷೆ, ಪ್ರತಿ ಚಿತ್ರಕ್ಕೂ ಎರಡು ಪ್ರತಿ ಬೇಕು.

"ಫ್ರೆಂಚ್ ಪ್ರತಿ ಕಾಣ್ತಿಲ್ಲ, ಕ್ಷಮಿಸಿ," ಎಂದರು.

"ಕ್ಷಮಿಸಿ, ಇದ್ರಲ್ಲಿ ಮಾತೇ ಇಲ್ಲ," ಎಂದಳು ಸಿಗ್ರುನ್.

"ಇಲ್ಲ ಅನ್ನೋದು ಫ್ರೆಂಚಿನೋರಿಗೂ ಗೊತ್ತಾಗ್ಬೇಕಲ್ವಾ, ಸಿಗ್ರುನ್ ಅವ್ರೇ."

ಸಭೆಯ ನಡವಳಿಯನ್ನು ನಾನೇ ಬರೆದೆ: "ಚಿತ್ರದಲ್ಲಿ ಮಾತಿಲ್ಲದಿರುವ ಬಗ್ಗೆ ನಿರ್ದೇಶಕಿ ಕ್ಷಮೆ ಯಾಚಿಸಿದರು." ನಮ್ಮ ಪ್ರಾಂತ್ಯದಲ್ಲಿ ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಲ್ಲ ಎಂದು ಕಾನೂನೇ ಇದೆ, ಇಲ್ಲದಿದ್ದರೆ ಊರಿಗೆ ಊರೇ ಜೈಲಿನಲ್ಲಿರುತ್ತಿತ್ತು. ಆದರೆ ಆ ಕಾನೂನು ನ್ಯಾಯಾಲಯಕ್ಕೆ, ಕಲೆಗಲ್ಲ ಎಂದು ಮಂಡಳಿ ತಿಳಿಸಿತು. ಕೊರತೆಯನ್ನು ನಿರ್ದೇಶಕಿಯೇ ಒಪ್ಪಿರುವುದರಿಂದ, ಮೌನವನ್ನು ಅನುವಾದಿಸಲು ನದಿಯಾಚೆಯ ಫ್ರೆಂಚ್ ಮಾತಾಡುವವರ ಬಡಾವಣೆ ಸೇಂಟ್ ಬೊನಿಫೇಸಿನಿಂದ ನಾರ್ಬೆರ್ ಗ್ರಾಟೋನ್ ಎಂಬ ನಿವೃತ್ತ ಮೇಷ್ಟರನ್ನು ನೇಮಿಸಲಾಯಿತು.

ಗ್ರಾಟೋನ್ ಮೇಷ್ಟರು ಕೆಲಸಗಳ್ಳರಲ್ಲ. ಚಿತ್ರವನ್ನು ಹನ್ನೊಂದು ಸಲ ನೋಡಿ, ಒಂಬತ್ತು ಪುಟದ ವರದಿ ಕೊಟ್ಟರು. ಅದರ ಸಾರಾಂಶ: ಈ ಅಜ್ಜಿ ಇಂಗ್ಲಿಷಿನಲ್ಲಿ ಸುಮ್ಮನಿದ್ದಾಳೆ. ಫ್ರೆಂಚಿನವರು ಸುಮ್ಮನಿರುವಾಗ ಭುಜ ಸ್ವಲ್ಪ ಆಡುತ್ತದೆ. ಮೂಲದಲ್ಲಿ ಭುಜ ಆಡದ ಕಾರಣ, ನಿಷ್ಠೆಯಿಂದ ಅನುವಾದಿಸುವುದು ಕಷ್ಟಸಾಧ್ಯ.

ಸಿಗ್ರುನ್‌ಗೆ ಸಿಟ್ಟು ಬಂತು. ನಮ್ಮ ಕಡೆಯ ಸಿಟ್ಟು. ಲೋಟವನ್ನು ಮೇಜಿನ ಮೇಲೆ ಸದ್ದು ಬರುವಂತೆ ಇಟ್ಟಳು, ನಾವೆಲ್ಲ ಬೆಚ್ಚಿದೆವು.

"ಇಂಗ್ಲಿಷಂತೆ! ಮೇಷ್ಟ್ರೇ, ನಮ್ಮಜ್ಜಿಗೆ ಇಂಗ್ಲಿಷ್ ಬರ್ತಾನೇ ಇರ್ಲಿಲ್ಲ. ಅವ್ಳು ಸುಮ್ನಿರೋದು ಐಸ್‌ಲ್ಯಾಂಡ್ ಭಾಷೇಲಿ."

ಮೇಷ್ಟರು ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಹೇಳಿದ್ರೆ ನನಗೂ ಎಷ್ಟೋ ಅನುಕೂಲ ಆಗ್ತಿತ್ತು, ಮೇಡಂ," ಎಂದು ನಿಜವಾದ ನೋವಿನಿಂದ ಹೇಳಿದರು. ನಾನು ಅದನ್ನೂ ಬರೆದುಕೊಂಡೆ. ಬರೆದುಕೊಳ್ಳಬಾರದಿತ್ತು ಎಂದು ಈಗ ಅನಿಸುತ್ತದೆ, ಆದರೆ ಕಾರ್ಯದರ್ಶಿಯ ಕೈ ಅದರ ಪಾಡಿಗೆ ಓಡುತ್ತದೆ.

ಹೀಗೆ ಚಿತ್ರವು ಅನ್ಯಭಾಷಾ ಚಿತ್ರಗಳ ವರ್ಗಕ್ಕೆ ಸೇರಿತು. ಅನ್ಯಭಾಷಾ ಚಿತ್ರಕ್ಕೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಅಡಿಬರಹ ಕಡ್ಡಾಯ. ಫೆಬ್ರವರಿ ಹತ್ತೊಂಬತ್ತರ ಸುತ್ತೋಲೆ ಹೀಗಿತ್ತು: "ಪಾತ್ರವು ಏನನ್ನೂ ಹೇಳದಿರುವ ಪ್ರತಿ ಸಂದರ್ಭದಲ್ಲಿ, ಏನನ್ನೂ ಹೇಳುತ್ತಿಲ್ಲವೆಂಬುದನ್ನು ಎರಡೂ ಅಧಿಕೃತ ಭಾಷೆಗಳಲ್ಲಿ, ಹೇಳದಿರುವಷ್ಟು ಹೊತ್ತೂ ನಮೂದಿಸತಕ್ಕದ್ದು." ಮಂಡಳಿಯ ನಾಲ್ಕು ಜನ ಕೂತು ಏಳು ನಿಮಿಷದ ಮೌನವನ್ನು ನೂರಾ ಆರು ಸಾಲುಗಳಾಗಿ ವಿಂಗಡಿಸಿದರು. "ಅಜ್ಜಿ ಏನೂ ಹೇಳುವುದಿಲ್ಲ." "ಅಜ್ಜಿ ಈಗಲೂ ಏನೂ ಹೇಳುವುದಿಲ್ಲ." "ಇಂಗಾ ಕೂಡ."

ಮಾರ್ಚಿನಲ್ಲಿ ಪರೀಕ್ಷೆಗೆಂದು ಹಾಕಿ ನೋಡಿದಾಗ ಅಡಿಬರಹವೇ ಕಾಣಲಿಲ್ಲ. ಬಿಳಿ ಅಕ್ಷರ, ಕೆಳಗೆಲ್ಲ ಹಿಮ. ಆಗ ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಲು ತೀರ್ಮಾನವಾಯಿತು. ಎರಡು ಭಾಷೆಗೆ ಎರಡು ಪಟ್ಟಿ. ಸಲಿಕೆ ಮರೆಯಾಯಿತು, ಅಜ್ಜಿಯ ಕಾಲು ಮರೆಯಾಯಿತು. ತಲೆಗೆ ಕಟ್ಟಿದ ವಸ್ತ್ರ ಮಾತ್ರ ಕಪ್ಪು ಗೋಡೆಯ ಮೇಲೆ ಕೂತ ಹಕ್ಕಿಯಂತೆ ಅತ್ತಿತ್ತ ಆಡುತ್ತಿತ್ತು.

ಸಿಗ್ರುನ್ ಅಂದು ಮೊದಲ ಬಾರಿಗೆ ಬೇಡಿಕೊಂಡಳು. "ಡಾರ್ಲೀನ್ ಅವ್ರೇ, ಇಂಗಾಗೆ ಕಣ್ಣು ಮಂಜಾಗ್ತಿದೆ. ಏಪ್ರಿಲ್ ದಾಟಿದ್ರೆ ಅವ್ರಿಗೆ ಏನೂ ಕಾಣಲ್ಲ. ದಯವಿಟ್ಟು ಹಾಗೇ ಬಿಟ್ಟು ಪತ್ರ ಕೊಡಿ."

ಡಾರ್ಲೀನ್ ಅವರ ಕಣ್ಣು ತುಂಬಿ ಬಂತು. ಎದ್ದು ಬಂದು ಸಿಗ್ರುನ್‌ಳ ಎರಡೂ ಕೈ ಹಿಡಿದುಕೊಂಡರು. "ಅಯ್ಯೋ, ಕಣ್ಣು ಕಾಣ್ದೇ ಇರೋರು ನೋಡ್ತಾರೆ ಅಂತ ಯಾರೂ ನಂಗೆ ಹೇಳ್ಲೇ ಇಲ್ವಲ್ಲ," ಎಂದರು. ತಮ್ಮ ಇಪ್ಪತ್ತು ವರ್ಷದ ಸೇವೆಯಲ್ಲಿ ಇಂಥ ಲೋಪ ಆಗಿರಲಿಲ್ಲವಂತೆ. ದೃಷ್ಟಿ ಕುಂದಿದವರಿಗಾಗಿ ಮೂವತ್ತೊಂದನೆಯ ನಿಯಮವಿದೆ. ಅದರಂತೆ ಅಕ್ಷರದ ಗಾತ್ರವನ್ನು ಅಲ್ಲೇ, ಆಗಲೇ, ಯಾವ ಅರ್ಜಿಯೂ ಇಲ್ಲದೆ ದುಪ್ಪಟ್ಟು ಮಾಡಿಸಿದರು. ಒಂದೇ ದಿನದಲ್ಲಿ ಮುಗಿಸಿದ ಅವರ ಕಾರ್ಯದಕ್ಷತೆಯನ್ನು ಎಲ್ಲರೂ ಮೆಚ್ಚಿದರು. ಕಪ್ಪು ಪಟ್ಟಿ ಪರದೆಯ ಅರ್ಧ ದಾಟಿತು.

ನಿರ್ದೇಶಕಿಗೆ ಏನಾದರೂ ಆಕ್ಷೇಪಣೆ ಉಂಟೇ ಎಂದು ಕೇಳಲಾಯಿತು. ಅಷ್ಟೂ ಜನ ಪ್ರೀತಿಯಿಂದ ಅವಳನ್ನೇ ನೋಡುತ್ತಿದ್ದರು. ಡಾರ್ಲೀನ್ ಅವರ ಕೆನ್ನೆ ಇನ್ನೂ ಒದ್ದೆಯಾಗಿತ್ತು, ಬನ್ನಿನ ತಟ್ಟೆ ಖಾಲಿಯಾಗಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಪ್ರಾಂತ್ಯದಲ್ಲಿ ಹುಟ್ಟಿದ ಯಾರೂ ಬೇರೆ ಮಾತು ಆಡಲಾರರು.

"ಪರವಾಗಿಲ್ಲ," ಎಂದಳು ಸಿಗ್ರುನ್.

ಸರ್ವಾನುಮತ ಎಂದು ಬರೆದೆ. ಪೂರ್ಣತಾ ಪತ್ರ ಮೂರೇ ದಿನದಲ್ಲಿ ಬಂತು.

ಏಪ್ರಿಲ್ ಹನ್ನೆರಡರ ಮಧ್ಯಾಹ್ನ ಗಿಮ್ಲಿಯ ಸಮುದಾಯ ಭವನದಲ್ಲಿ ಪ್ರದರ್ಶನ. ಎಪ್ಪತ್ತು ಕುರ್ಚಿ ತುಂಬಿದ್ದವು. ಕಾಫಿ ಇತ್ತು, ಒಣ ಪ್ಲಮ್ಮಿನ ಏಳು ಪದರದ ಕೇಕಿತ್ತು. ಇಂಗಾಳನ್ನು ಮೊದಲ ಸಾಲಿನ ಮಧ್ಯದಲ್ಲಿ ಕೂರಿಸಿದರು. ಇದ್ದುದರಲ್ಲೇ ಒಳ್ಳೆಯ ಕೋಟು ಹಾಕಿಕೊಂಡು, ಕನ್ನಡಕವನ್ನು ಮೂರು ಸಲ ಒರೆಸಿಕೊಂಡು, ಕೈ ಕಟ್ಟಿ ಕೂತಿದ್ದಳು. ಏಳು ನಿಮಿಷ ಆಕಾಶ ಕಾಣಿಸಿತು. ಅದರ ಕೆಳಗೆ ದೊಡ್ಡ ದೊಡ್ಡ ಅಕ್ಷರಗಳು ಬಂದು ಬಂದು ಹೋದವು. ಕೊನೆಯ ಇಪ್ಪತ್ತೆರಡು ಸೆಕೆಂಡು "ಇಬ್ಬರೂ ಏನೂ ಹೇಳುವುದಿಲ್ಲ" ಎಂದು ಎರಡು ಭಾಷೆಯಲ್ಲಿ ನಿಂತಿತ್ತು. ಭವನದಲ್ಲಿ ಎಲ್ಲರೂ ತುಟಿಯಾಡಿಸಿ ಓದಿಕೊಂಡರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಸಿಗ್ರುನ್ ಇಂಗಾಳ ಮುಂದೆ ಹೋಗಿ ಮಂಡಿಯೂರಿ ಕೂತಳು.

"ಆಕಾಶ ಚೆನ್ನಾಗಿ ಬರ್ದಿದ್ದೀಯ, ಪುಟ್ಟಿ," ಎಂದಳು ಇಂಗಾ. "ಅಕ್ಷರಾನೂ ಚೆನ್ನಾಗಿ ಕಾಣ್ತು. ನಿಮ್ಮಜ್ಜಿ ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಕಾಯ್ತಾ ಕೂತಿದ್ದೆ."

ಸಿಗ್ರುನ್ ಕ್ಷಮಿಸಿ ಎಂದಳು. ಇಂಗಾ ಕೂಡ ಕ್ಷಮಿಸಿ ಎಂದಳು. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಮೇ ತಿಂಗಳಿನಲ್ಲಿ ಚಿತ್ರಕ್ಕೆ ಸ್ಪಷ್ಟತೆಗಾಗಿ ಇರುವ ವಾರ್ಷಿಕ ಪ್ರಶಸ್ತಿ ಬಂತು. ಗ್ರಾಟೋನ್ ಮೇಷ್ಟರಿಗೆ ಗೌರವ ಫಲಕ ಕೊಟ್ಟರು. ಸಿಗ್ರುನ್‌ಳ ಮುಂದಿನ ಚಿತ್ರಕ್ಕೆ ಮಂಡಳಿ ತಾನಾಗಿಯೇ ಒಪ್ಪಿಗೆ ಕಳಿಸಿತು, ಒಂದೇ ಷರತ್ತಿನ ಮೇಲೆ: ಪಟ್ಟಿ ಹೇಗೂ ಬರುವುದರಿಂದ ಮೇಲಿನ ಆಕಾಶವನ್ನಷ್ಟೇ ಬರೆದರೆ ಸಾಕು, ಇದರಿಂದ ಕಲಾವಿದರ ಶ್ರಮ ಉಳಿಯುತ್ತದೆ. ಸಂಘದ ಉಳಿದ ಸದಸ್ಯರೂ ಈಗ ಹಾಗೆಯೇ ಮಾಡುತ್ತಿದ್ದಾರೆ. ಕೆಲಸ ಬೇಗ ಬೇಗ ಆಗುತ್ತಿದೆ, ಇಬ್ಬರು ಈ ವರ್ಷವೇ ಉದಯಿಸಲಿದ್ದಾರೆ.

ಸಿಗ್ರುನ್ ಮಾತ್ರ ಹಿಂದಿದ್ದಾಳೆ. ಮಂಡಳಿಗೆ ಪ್ರಗತಿಯ ವರದಿ ಕಳಿಸಬೇಕಾಗಿ ಬಂದು ಮೊನ್ನೆ ಅವಳ ಮೇಜಿನ ಬಳಿ ಹೋದೆ. ಹೊಸ ಚಿತ್ರದ ಕಾಗದದ ಕೆಳಗಿನ ಅರ್ಧದಲ್ಲಿ ಮತ್ತೆ ಅಜ್ಜಿ, ಸಲಿಕೆ, ಇಂಗಾಳ ಕಿಟಕಿ, ಲೋಟದ ಮೇಲಿನ ಹಬೆ, ಎಲ್ಲವನ್ನೂ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬರೆಯುತ್ತಿದ್ದಳು. ಬರೆದು ಮುಗಿದ ಹಾಳೆಯ ಮೇಲೆ ಕಪ್ಪು ಪಟ್ಟಿಯನ್ನು ಜೋಪಾನವಾಗಿ ಅಂಟಿಸುತ್ತಿದ್ದಳು.

"ಯಾರಿಗೂ ಕಾಣಲ್ವಲ್ಲೇ," ಎಂದೆ.

"ಗೊತ್ತು," ಎಂದಳು. "ಆದ್ರೆ ಕೆಳಗೆ ಅಜ್ಜಿನೇ ಇಲ್ದಿದ್ರೆ, ಏನೂ ಹೇಳ್ದೇ ಇರೋದು ಯಾರು?"

ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಮಂಡಳಿಗೆ ಬರೆದು ಕೇಳಿದೆ. ಕಾಣದಂತೆ ಇರುವವರೆಗೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ಎರಡೂ ಭಾಷೆಗಳಲ್ಲಿ ಉತ್ತರ ಬಂತು.