ಉಪ್ಪು ಬ್ಯಾಡ ಅಂದ ಬಾಯಿ

ನಾನು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಆಹಾರ ಸಲಹೆಗಾರ್ತಿ. ಉಪ್ಪು ಕಡಿಮೆ ತಿನ್ನಿ ಎಂದು ಊರೂರಿಗೆ ಹೋಗಿ ಹೇಳುತ್ತೇನೆ. ಹೇಳಿದ ಮೇಲೆ ತಲೆ ತಗ್ಗಿಸಿ ಬರುವುದೂ ಈಗೀಗ ನನ್ನ ಕೆಲಸದಲ್ಲೇ ಸೇರಿಬಿಟ್ಟಿದೆ.

ಹುಳದ ಗುಳಿಗೆ

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹೆಂಗಸರಿಗೆ ಹೇಳುತ್ತಿದ್ದೆ: "ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಉಪ್ಪು ಅತಿಯಾದರೆ ಅವುಗಳಲ್ಲಿ ಕೆಲವು ಕಡಿಮೆಯಾಗುತ್ತವೆ. ಮಕ್ಕಳ ಹಾಗೆ ಕಾಪಾಡಬೇಕು."

ಅಜ್ಜಿಯೊಬ್ಬರು ಕೈ ಎತ್ತಿದರು. "ಹೋದ ತಿಂಗಳ ನೀವ ಬಂದು, ಹೊಟ್ಟ್ಯಾಗಿನ ಹುಳ ಸಾಯ್ಲಿ ಅಂತ ಗುಳಿಗಿ ನುಂಗಿಸಿದ್ರಲ್ರಿ?"

"ಅವು ಜಂತುಹುಳ, ಅಜ್ಜಿ. ಕೆಟ್ಟವು."

"ಗುಳಿಗಿ ಒಳಗ ಹೋಗಿ, ಯಾರು ಒಳ್ಳೇರು ಯಾರು ಕೆಟ್ಟೋರು ಅಂತ ಕೇಳತೈತೇನ್ರಿ?"

ನೀರು ಕುಡಿಯುವ ನೆವದಲ್ಲಿ ಎದ್ದು ಹೊರಗೆ ಹೋದೆ.

ಸಪ್ಪೆ ಮಜ್ಜಿಗೆ

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಅದೇ ಬ್ಯಾಕ್ಟೀರಿಯಾದ ಮಾತು ಹೇಳಿ, ಮಜ್ಜಿಗೆಗೂ ಉಪ್ಪು ಬೇಡವೆಂದು ಭಾಷಣ ಮಾಡಿದೆ. ಕೆಲಸದ ಹೆಂಗಸರು ನನಗಾಗಿಯೇ ಸಪ್ಪೆ ಮಜ್ಜಿಗೆ ತಂದರು. ಒಂದು ಗುಟುಕು ಕುಡಿದದ್ದೇ ತಡ, ನನಗೇ ಅರಿವಿಲ್ಲದೆ ಬಾಯಿಂದ ಬಂತು: "ಸ್ವಲ್ಪ ಉಪ್ಪು ಕೊಡ್ರೀ."

ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು: "ನಿಮ್ಮ ಬ್ಯಾಕ್ಟೀರಿಯಾ ಇವತ್ತು ರಜಾ ಹಾಕ್ಯಾವೇನ್ರಿ?"

ಬಸ್ ಸ್ಟ್ಯಾಂಡಿನಲ್ಲಿ

ಚೋರನೂರಿನ ರೈತ ಹೆಂಗಸೊಬ್ಬರಿಗೆ ಬಿ.ಪಿ. ಭಾಳ ಇತ್ತು. ಉಪ್ಪಿನಕಾಯಿ ಇಲ್ಲದೆ ರೊಟ್ಟಿ ಮುರಿಯದವರು, ನನ್ನ ಮಾತು ನಂಬಿ ಅದನ್ನು ಪೂರ್ತಿ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಹೊಸಪೇಟೆ ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತು, ಮಾವಿನಕಾಯಿ ಹೋಳಿಗೆ ಉಪ್ಪು-ಖಾರ ಅದ್ದಿ ಅದ್ದಿ ತಿನ್ನುತ್ತಿದ್ದೆ. ಹಿಂದಿನಿಂದ ಅವರದೇ ದನಿ: "ಮೇಡಂ! ಬಿ.ಪಿ. ಇಳದೈತ್ರಿ! ಡಾಕ್ಟ್ರು ಒಂದು ಗುಳಿಗಿ ಕಡಿಮಿ ಮಾಡ್ಯಾರ! ಎಲ್ಲಾ ನಿಮ್ಮಿಂದ!"

ಪೊಟ್ಟಣವನ್ನು ಬ್ಯಾಗಿಗೆ ತುರುಕಿದೆ. ಮುಖದ ಬೆವರು ಒರೆಸಿಕೊಳ್ಳಲು ಹೋಗಿ ಖಾರದ ಕೈ ಕಣ್ಣಿಗೆ ತಾಗಿತು. ದಳದಳ ನೀರು. ಅವರು ನನ್ನ ಕೈ ಹಿಡಿದು, ಸುತ್ತಲಿನವರಿಗೆಲ್ಲ ಕೇಳುವಂತೆ, "ನೋಡ್ರಿ, ನನ್ನ ಸಲುವಾಗಿ ಅಳಾಕ ಹತ್ಯಾರ! ಎಂಥಾ ಕರುಳು!" ಎಂದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಡೆಯಲಾಗಲಿಲ್ಲ. "ಅಮ್ಮಾ, ನಾನು ಅಳ್ತಾ ಇಲ್ಲ. ನಾನು..."

ಅವರು ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗೊತ್ತೈತ್ರಿ. ಗದ್ದಕ್ಕ ಉಪ್ಪು-ಖಾರ ಹತ್ತೈತಿ. ಮೊದ್ಲ ಅದನ್ನ ವರಸ್ಕಳ್ರಿ, ಅಳೋದು ಆಮ್ಯಾಲಾತು."