ತಪಕೀರಿನ ಆಣೆ

ಡಾಕ್ಟರು ಹೇಳಿದ್ದನ್ನು ಬಾಳಕೃಷ್ಣರಾಯರು ಕಟ್ಟೆಯ ಮೇಲೆ ಕೂತು ಹೇಳಬಾರದಿತ್ತು. ಹೇಳಿಬಿಟ್ಟರು.

ಹೆಂಡತಿ ಸುಂದರಾಬಾಯಿಗೆ ರಕ್ತ ಹೆಪ್ಪುಗಟ್ಟಿ ಮೆದುಳಿನ ಥಾಲಮಸ್ಸಿಗೆ ಪೆಟ್ಟಾಗಿತ್ತು. ಕೈಕಾಲು ಆಡುತ್ತಿದ್ದವು, ಮಾತೂ ಇತ್ತು. ಗಂಡನ ಗುರುತು ಮಾತ್ರ ಹೋಗಿತ್ತು. ರಾಯರು ಎದುರಿಗೆ ಬಂದರೆ ಬ್ಯಾಂಕಿನವರು ಬಂದಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದೊಂದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ.

"ಥಾಲಮಸ್ ಅಂದ್ರ ನಮ್ಮ ಬೈಲಹೊಂಗಲ ಬಸ್ ಸ್ಟ್ಯಾಂಡ್ ಇದ್ದಂಗಂತ. ಕಣ್ಣು, ಕಿವಿ, ಚರ್ಮದ ಸುದ್ದಿ ಎಲ್ಲಾ ಅಲ್ಲಿಳಿದು, ಬಸ್ ಬದಲಿಸಿ, ಮ್ಯಾಲಿನ ಕಾರ್ಟೆಕ್ಸಿಗೆ ಹೋಗಬೇಕು. ಅಲ್ಲಿ ಮುಟ್ಟಿದ ಮ್ಯಾಲೆ ಇದು ಇಂಥಾದ್ದು ಅಂತ ತಿಳೀತದ. ವಾಸನಿ ಒಂದಽ ಸ್ಟ್ಯಾಂಡಿಗೆ ಬರದ ಸೀದಾ ಹೋಗತದ."

"ಹಂಗಾರ ವಾಸನೀಲೆ ನಿಮ್ಮ ಗುರ್ತು ಹತ್ತತೈತಿ!" ಎಂದಳು ಎದುರುಮನೆಯ ಸಿದ್ದಲಿಂಗವ್ವ.

"ಡಾಕ್ಟರು ಹಂಗಂದಿಲ್ಲ ಸಿದ್ದಲಿಂಗವ್ವಾ..." ಎಂದು ರಾಯರು ಹೇಳುವಷ್ಟರಲ್ಲಿ ಅವಳು ಮಲ್ಲಿಗೆ ತರಲು ಹೋಗಿಯಾಗಿತ್ತು.

ಮದುವೆಯ ನೆನಪಾಗಲೆಂದು ತಂದ ಮಲ್ಲಿಗೆ ದಂಡೆಯನ್ನು ಸುಂದರಾಬಾಯಿ ಮೂಸಿ, "ಛಂದ ಅದ" ಎಂದು ಮುಡಿದುಕೊಂಡಳು. ಅಷ್ಟೇ.

"ಗಂಡಸಿನ ಗುರ್ತು ಬೆವರಿನ್ಯಾಗ ಇರತೈತ್ರಿ" ಎಂದ ನೆರೆಮನೆಯ ಮುದಕಪ್ಪ, ಎಪ್ಪತ್ತು ದಾಟಿದ ರಾಯರನ್ನು ಮಟಮಟ ಮಧ್ಯಾಹ್ನದಲ್ಲಿ ಓಣಿ ಸುತ್ತಿಸಿದ. ತೊಯ್ದು ತೊಪ್ಪೆಯಾಗಿ ಒಳಗೆ ಬಂದವರನ್ನು ಕಂಡು ಸುಂದರಾಬಾಯಿ ಮರುಗಿದಳು. "ಪಾಪ, ಯಾರೋ ಬಿಸಲಾಗ ಬಂದಾರ. ನೀರು ಕೊಡ್ರಿ."

ಮುದಕಪ್ಪ ಕೊಟ್ಟ ನೀರು ಕುಡಿದು ರಾಯರು ಗೋಡೆಗೆ ಒರಗಿದರು.

ಮುದಕಪ್ಪ ಸೋಲುವವನಲ್ಲ. "ರಾಯರ, ಮದಲ ನೀವು ತಪಕೀರ ಏರಸ್ತಿದ್ರಲ್ಲ? ನೀವು ಓಣಿ ತಿರುವಿನ್ಯಾಗ ಇದ್ದಾಗನ ಸುಂದರಾಬಾಯಿಯವರು ಮೂಗು ಮುಚಗೊಂಡು ಬಾಗಲಾ ತೆಗೀತಿದ್ರು."

"ಬ್ಯಾಡೋ. ಅಕೀ ತಲಿ ಮುಟ್ಟಿ ಆಣಿ ಮಾಡಿ ಬಿಟ್ಟೀನಿ. ಮುರದ್ರ ಅಕಿಗೇ ಕೆಡಕು."

"ಇದಕ್ಕಿಂತ ಕೆಡಕು ಇನ್ನೇನ ಆಗೂದೈತ್ರಿ?"

ಮುದಕಪ್ಪನ ಕಿಸೆಯಲ್ಲಿ ನಶ್ಯದ ಡಬ್ಬಿ ಸಿದ್ಧವೇ ಇತ್ತು. ರಾಯರು ದೇವರ ಕೋಣೆಯ ಮುಂದೆ ನಿಂತು ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಚಿಟಿಕೆ ಪುಡಿ ಮೂಗಿಗೇರಿಸಿ, ಹೆಂಡತಿಯ ಹತ್ತಿರ ಹೋಗಿ ಕೂತರು.

ಸುಂದರಾಬಾಯಿಯ ಮೂಗು ಅರಳಿತು. ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಬೆಳಕು ಬಂತು.

"ತಪಕೀರು! ನಮ್ಮನಿಯವರು ಇದನ್ನಽ ಏರಸ್ತಿದ್ರು!"

"ಹೌದು ಸುಂದ್ರಾ, ನಾನಽ..." ಎನ್ನುತ್ತಲೇ ರಾಯರಿಗೆ ಅಳುವೂ ಸೀನೂ ಒಟ್ಟಿಗೇ ಬಂದವು. ಸೀನು ಗೆದ್ದಿತು.

ಅವಳು ಹಿಂದಕ್ಕೆ ಸರಿದು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವಲ್ಲ ಬಿಡ್ರಿ. ಅವರು ನನ್ನ ತಲಿ ಮುಟ್ಟಿ ಆಣಿ ಮಾಡಿ ಬಿಟ್ಟಾರ. ಜೀವಾ ಹೋದ್ರೂ ಮತ್ತ ಮುಟ್ಟಾವರಲ್ಲ. ಹೊರಗ ಕೂಡ್ರಿ, ಅವರು ಬರೋ ಹೊತ್ತಾತು."

ರಾಯರು ಎದ್ದು ಹೋಗಿ ಕಟ್ಟೆಯ ಮೇಲೆ ಕೂತರು. ಅಲ್ಲಿದ್ದ ಮುದಕಪ್ಪ ಡಬ್ಬಿಯನ್ನು ಕಿಸೆಗೆ ಸೇರಿಸಿದ. ಒಳಗಿಂದ ಸುಂದರಾಬಾಯಿಯ ದನಿ ಕೇಳಿತು.

"ಅವರು ಸಿಕ್ರ ಲಗೂ ಬರ್ರಿ ಅಂತ ಹೇಳ್ರಿ. ನಾ ಇನ್ನೂ ಊಟಾ ಮಾಡಿಲ್ಲ."

"ಹೇಳ್ತೀನ್ರಿ" ಎಂದರು ರಾಯರು.