ರಜಾ ಕೇಳಿದಾವ ನಾನ, ಶಿಫಾರಸು ಮಾಡಾವನೂ ನಾನ

ಸರಕಾರಿ ಕಾಗದದ ಜೊತಿ ಮೂವತ್ತು ವರ್ಷ ಸಂಸಾರ ಮಾಡಿದಾವ ನಗಾಕ ಬ್ಯಾರೆ ನಾಟಕ ನೋಡಬೇಕಿಲ್ರಿ. ಮನ್ಯಾಗ ಹಾಲು ಉಕ್ಕಿದಂಗ ದಿನಕ್ಕೊಂದು ಉಕ್ಕತಿರತೈತಿ. ಅದರಾಗ ನಾನು ಒಂದು ವರ್ಷದ ರಜಾ ಕೇಳಿದ್ದು ಐತಲ್ಲ, ಅದನ್ನ ಹೇಳ್ತೀನಿ. ಇದರಾಗ ಒಂದು ಮಾತೂ ಸುಳ್ಳಿಲ್ಲ. ನಮ್ಮ ಮನಿಯಾಕಿ ಮಾತ್ರ ಅರ್ಧ ಸುಳ್ಳು ಅಂತಾಳ. ಯಾವ ಅರ್ಧ ಅಂತ ಕೇಳಿದ್ರ ಆಕಿಗೂ ಗೊತ್ತಿಲ್ಲ.

ಒಬ್ಬಾವನ ವಿಭಾಗ

ತೊಂಬತ್ತರ ದಶಕದ ಕೊನಿ ಇರಬೇಕು. ನಾನು ವಿಶ್ವವಿದ್ಯಾಲಯದಾಗ ಇತಿಹಾಸದ ಮೇಷ್ಟ್ರು. ದೊಡ್ಡ ಕ್ಯಾಂಪಸ್ಸಿನಾಗಲ್ಲ, ನಮ್ಮ ಕಡಿ ಅದರದೊಂದು ಸಣ್ಣ ಕೇಂದ್ರ ಇತ್ತು, ಅಲ್ಲಿ. ಯಾವೂರಾಗಿತ್ತು ಅಂತ ಕೇಳಬ್ಯಾಡ್ರಿ. ಕೂಡ್ಲಿಗಿಯೋರು ಅದು ಕೊಟ್ಟೂರಿಂದು ಅಂತಿದ್ರು, ಕೊಟ್ಟೂರೋರು ಹರಪನಹಳ್ಳಿದು ಅಂತಿದ್ರು, ಹರಪನಹಳ್ಳಿಯೋರು ಹಡಗಲಿ ಕಡಿ ಕೈ ತೋರಿಸ್ತಿದ್ರು. ಕಟ್ಟಡ ನೋಡಿದ ಮ್ಯಾಲೆ ಯಾರೂ ನಮ್ಮದು ಅಂತ ಒಪ್ಪಂಗಿರಲಿಲ್ಲ.

ಇತಿಹಾಸ ವಿಭಾಗದಾಗ ಮೂರು ಮಂದಿ ಇರಬೇಕಿತ್ತು. ಒಬ್ರು ನಿವೃತ್ತಿ ಆದ್ರು, ಒಬ್ರು ವರ್ಗ ಮಾಡಿಸ್ಕೊಂಡು ಹೋದ್ರು, ಉಳಿದಾವ ನಾನು. ಹಂಗಾಗಿ ವಿಭಾಗದ ಹೆಡ್ಡೂ ನಾನ, ಆ ಹೆಡ್ಡಿನ ಕೈಕೆಳಗಿನ ಮೇಷ್ಟ್ರೂ ನಾನ. ಇಬ್ಬರದೂ ಚಲೋ ಹೊಂದಾಣಿಕಿ ಇತ್ತು, ರಜಾ ಅರ್ಜಿ ಹಾಕೋತನ.

ನನಗೊಂದು ಆಸಿ. ನಮ್ಮ ಸುತ್ತಮುತ್ತಲಿನ ತಾಲ್ಲೂಕಿನಾಗ ವೀರಗಲ್ಲು ಅದಾವಲ್ಲ, ಹಿಂದಿನ ಕಾಲದಾಗ ಕಾಳಗದಾಗ ಸತ್ತೋರಿಗೆ ನಿಲ್ಲಿಸಿದ ಕೆತ್ತನಿ ಕಲ್ಲು, ಅವನ್ನೆಲ್ಲ ನೋಡಿ ಒಂದು ಪುಸ್ತಕ ಬರೀಬೇಕು ಅಂತ. ಇಪ್ಪತ್ತು ವರ್ಷ ಬರಕೊಂಡ ಚೀಟಿ ಒಂದು ಟ್ರಂಕಿನ ತುಂಬ ಇದ್ದವು. ಇತ್ತ ನಾನು ಚೀಟಿ ತುಂಬತಿದ್ದೆ, ಅತ್ತ ಮಂದಿ ಕಲ್ಲು ಕಿತ್ತು ಮೋರಿಗೆ ಹಾಸ್ತಿದ್ರು. ಇಂಥಾ ಕೆಲಸಕ್ಕಂತ ಮೇಷ್ಟ್ರಿಗೆ ಸಂಬಳದ ಜೊತಿ ಒಂದು ವರ್ಷ ರಜಾ ಕೊಡ್ತಾರ, ಸಬಾಟಿಕಲ್ ಅಂತ ಅದರ ಹೆಸರು. ಆದ್ರ ರಜಾ ಮುಗಿಸಿ ಬಂದ ಮ್ಯಾಲೆ ಇಂತಿಷ್ಟು ವರ್ಷ ನೌಕರಿ ಉಳಿದಿರಬೇಕು. ಆ ಲೆಕ್ಕಕ್ಕ ನನಗ ಅದಾ ಕೊನೇ ವರ್ಷ. ಅವಾಗ ಸಿಗಲಿಲ್ಲ ಅಂದ್ರ ಟ್ರಂಕು ಗುಜರಿಗೆ.

ಅರ್ಜಿ ಬರಕೊಂಡು ಎರಡು ಬಸ್ಸು ಬದಲಿ ಮಾಡಿ ವಿಶ್ವವಿದ್ಯಾಲಯದ ಆಫೀಸಿಗೆ ಹೋದೆ. ರಜಾ ಫೈಲು ನೋಡೋ ಗುಮಾಸ್ತ ಕನ್ನಡಕದ ಮ್ಯಾಲಿಂದ ನೋಡಿದ.

"ಹಿಂಗ ಸೀದಾ ತರಂಗಿಲ್ರಿ ಸರ್. ಹೆಡ್ ಮೂಲಕ ಬರಬೇಕು."

"ಹೆಡ್ ನಾನಾ ಅದೀನ್ರಿ."

"ಹಂಗಾದ್ರ ಚಲೋ ಆತು ಬಿಡ್ರಿ," ಅಂದ. "ಭೆಟ್ಟಿ ಆಗೋದು ಸರಳ."

ಸಣ್ಣದೊಂದು ತಪ್ಪು

ವಾಪಸ್ ಬಂದು ನನಗ ನಾನಾ ಅರ್ಜಿ ಬರದೆ. "ಮಾನ್ಯರೇ, ತಮ್ಮಲ್ಲಿ ವಿನಯಪೂರ್ವಕ ವಿನಂತಿ" ಅಂತ. ನಮ್ಮ ಜವಾನ ನನಗಿಂತ ಎರಡು ವರ್ಷ ಹಿರಿಯಾವ, ಕಾಯದೆ ಕಾನೂನು ಎಲ್ಲಾ ಗೊತ್ತಿದ್ದಾವ. ಅರ್ಜಿ ಮ್ಯಾಲೆ ಸ್ವೀಕರಿಸಿದೆ ಅಂತ ಮುದ್ರಿ ಒತ್ತಿ ನನ್ನ ಟೇಬಲ್ ಮ್ಯಾಲಿಟ್ಟ. ನಾನು ಪೆನ್ನು ತಗದೆ.

"ತಡೀರಿ ಸರ್," ಅಂದ. "ಬಂದ ದಿನಾನ ಸಹಿ ಮಾಡಿದ್ರ ಇಬ್ಬರದೂ ಏನೋ ಒಳಗೊಳಗ ಐತಿ ಅಂತಾರ. ಮೂರು ದಿನ ಬಿಟ್ಟು ಮಾಡ್ರಿ."

ಮೂರು ದಿನ ನನ್ನನ್ನ ನಾನಾ ಕಾಯಿಸಿದೆ. ನಾಲ್ಕನೇ ದಿನ ಕುಂತು, ಅರ್ಜಿದಾರರ ನಡತಿ ಬಗ್ಗೆ ಮುಖ್ಯಸ್ಥರ ಅಭಿಪ್ರಾಯ ಅನ್ನೋ ಕಡಿ ಒಂದು ಪುಟ ಬರದೆ. ವಿದ್ವತ್ತು, ಶಿಸ್ತು, ಸರಳತಿ, ಒಂದೂ ಬಿಡಲಿಲ್ಲ. ಬರದು ಓದಿದ್ರ ನನಗಾ ಅವನ ಕಾಲಿಗೆ ಬೀಳಬೇಕು ಅನ್ನಿಸ್ತು.

ಮತ್ತ ಆಫೀಸಿಗೆ ಒಯ್ದು ಕೊಟ್ರ ಗುಮಾಸ್ತ ಓದಿ ಫೈಲು ಮುಚ್ಚಿದ.

"ಇಂಥಾ ಮನಷ್ಯಾ ಈ ಯೂನಿವರ್ಸಿಟಿಯಾಗ ಇಲ್ರಿ ಸರ್. ಮ್ಯಾಲಿನೋರು ನಂಬಂಗಿಲ್ಲ. ಸಣ್ಣದೊಂದು ತಪ್ಪು ಸೇರಿಸ್ರಿ, ಖರೇ ಅನ್ನಸತೈತಿ."

ಆತು ಅಂತ ಕೆಳಗ ಒಂದು ಸಾಲು ಸೇರಿಸಿದೆ. "ಕೆಲವೊಮ್ಮೆ ತಡವಾಗಿ ಬರುತ್ತಾರೆ."

ಹದಿನೈದು ದಿನಕ್ಕ ಎರಡು ಮೆಮೊ ಬಂದ್ವು. ಒಂದು ಅರ್ಜಿದಾರರಿಗೆ, ಯಾಕ ತಡಾ ಬರ್ತೀರಿ ವಿವರಣಿ ಕೊಡ್ರಿ ಅಂತ. ಇನ್ನೊಂದು ಹೆಡ್ಡಿಗೆ, ಗೊತ್ತಿದ್ದೂ ಯಾಕ ಸುಮ್ನಿದ್ರಿ ಅಂತ. ಜವಾನ ಒಂದನ್ನ ಟೇಬಲ್ಲಿನ ಈ ಕಡಿ ನಿಂತು ಕೊಟ್ಟ, ಸಹಿ ತಗೊಂಡ. ಸುತ್ತು ಹಾಕ್ಕೊಂಡು ಆ ಕಡಿಗೆ ಹೋಗಿ ಇನ್ನೊಂದು ಕೊಟ್ಟ, ಸಹಿ ತಗೊಂಡ.

ಅರ್ಜಿದಾರ ಆಗಿ ಬರದೆ: "ಬಸ್ಸು ತಡವಾಗುತ್ತದೆ." ಅದರ ಕೆಳಗ ಹೆಡ್ಡಾಗಿ ಬರದೆ: "ಅರ್ಜಿದಾರರು ಹೇಳುವುದು ನಿಜ. ಅದೇ ಬಸ್ಸಿನಲ್ಲಿ ಅವರ ಸೀಟಿನಲ್ಲೇ ನಾನೂ ಬರುತ್ತೇನೆ."

ಕಟ್ಟಿ ಮ್ಯಾಲಿನ ಸಂತಾಪ

ರಜಾ ಸಿಕ್ಕಿರಲಿಲ್ಲ, ಆಗಲೇ ಕೊಟ್ಟೂರಾಗ ನಮ್ಮ ಓಣಿ ತುಂಬ ಸುದ್ದಿ ಆತು. ಮೇಷ್ಟ್ರು ಒಂದು ವರ್ಷ ಮನ್ಯಾಗ ಇರ್ತಾರಂತ, ಸಂಬಳಾನೂ ಬರತೈತಂತ. ನೌಕರಿಯಾಗಿದ್ದಾವ ಮನ್ಯಾಗ ಕುಂತು ಸಂಬಳ ತಗೊಳ್ಳೋದು ಅಂದ್ರ ನಮ್ಮ ಮಂದಿಗೆ ಒಂದಾ ಅರ್ಥ. ಸಸ್ಪೆಂಡು.

ಎದುರು ಮನಿ ಕಿರಾಣಿ ಅಂಗಡಿಯೋರ ಹೆಣ್ಣಮಗಳು ಒಂದು ತಟ್ಟಿ ಒಗ್ಗರಣಿ ಮಂಡಕ್ಕಿ ತಗೊಂಡು ಬಂದು ನಮ್ಮಾಕಿ ಕೈ ಹಿಡಕೊಂಡ್ಳು.

"ಚಿಂತಿ ಮಾಡಬ್ಯಾಡಕ್ಕ. ನಮ್ಮಣ್ಣನೂ ಹಿಂಗಾ ಎಂಟು ತಿಂಗಳು ಮನ್ಯಾಗಿದ್ದ. ಈಗ ನೋಡು, ಪ್ರಮೋಷನ್ ಆಗೈತಿ."

"ಅದಲ್ಲವಾ, ಇವರು ಪುಸ್ತಕ ಬರಿಯಾಕ ರಜಾ ಕೇಳ್ಯಾರ."

"ಹೂಂ ಅಕ್ಕ. ನಮ್ಮಣ್ಣನೂ ಎಲ್ಲರ ಮುಂದ ಹೊಲ ನೋಡಿಕೊಳ್ಳಾಕ ಅಂತಾನ ಹೇಳಿದ್ದ."

ಆಕಿ ಹೋದ ಮ್ಯಾಲೆ ನಮ್ಮಾಕಿ ಮಂಡಕ್ಕಿ ನನ್ನ ಮುಂದ ಕುಕ್ಕಿದ್ಳು. "ತಿನ್ರಿ. ನೀವು ಮಾಡಿದ ಪುಣ್ಯದ ಫಲ."

ಸಂಜಿಕ ನಾನು ಬೇವಿನಮರದ ಕಟ್ಟಿ ಕಡಿ ಹೋದೆ. ಅಲ್ಲಿ ರಿಟೈರಾದ ಹೆಡ್ ಕಾನ್‌ಸ್ಟೇಬಲ್ ಒಬ್ರು ದಿನಾ ಕುಂದ್ರತಿದ್ರು. ಯಾವತ್ತೂ ನನಗ ಜಾಗ ಬಿಟ್ಟೋರಲ್ಲ. ಅವತ್ತು ಸರದು, ಟವಲ್ಲಿನಿಂದ ಕಟ್ಟಿ ಒರಸಿ, "ಬರ್ರಿ ಮೇಷ್ಟ್ರೇ" ಅಂದ್ರು. ಹೆಗಲ ಮ್ಯಾಲೆ ಕೈ ಇಟ್ಟರು.

"ನಾನು ಮೂರು ಸಲ ಆಗೀನಿ. ಮೊದಲ್ನೇ ಸಲ ಅಷ್ಟಾ ನೋಡ್ರಿ ಮನಸಿಗೆ ಹತ್ತೋದು. ಎರಡನೇ ಸಲಕ್ಕ ಮುಂದಿನದು ಯಾವಾಗ ಅಂತ ನಾವಾ ಕ್ಯಾಲೆಂಡರ್ ನೋಡಾಕ ಹತ್ತತೀವಿ."

ಅಜ್ಜಿಯ ವೀರ

ಅಷ್ಟರಾಗ ವಿಶ್ವವಿದ್ಯಾಲಯದ ರಜಾ ಕಮಿಟಿಯೋರು ಒಬ್ಬ ದೊಡ್ಡ ಪ್ರೊಫೆಸರನ್ನ ಕಳಿಸಿದ್ರು. ಈ ಮನಷ್ಯಾ ಹೇಳೋ ಕಲ್ಲು ಖರೇನ ಅದಾವೋ ಇಲ್ಲೋ ನೋಡಿ ಬಂದು ಬರೀಬೇಕು, ಅದರ ಮ್ಯಾಲೆ ರಜಾ. ಬಿಳೀ ಪ್ಯಾಂಟು, ಕರೀ ಬೂಟು. ಬೂಟಿನಾಗ ಮಾರಿ ನೋಡ್ಕೊಂಡು ಕ್ರಾಪು ತಿದ್ದಬಹುದಿತ್ತು.

ಉಜ್ಜಿನಿ ದಾಟಿ ಒಂದು ಹಳ್ಳಿಯಾಗ ನಾನು ನೋಡಿದ್ದರೊಳಗ ಚಲೋ ಕಲ್ಲಿತ್ತು, ಬಾವಿ ಹಿಂದ. ಎಂಟು ವರ್ಷದ ಹಿಂದ ನೋಡಿದ್ದೆ. ಕರಕೊಂಡು ಹೋದೆ. ಬಾವಿ ಐತಿ, ಕಲ್ಲಿಲ್ಲ. ಪ್ರೊಫೆಸರು ಗಡಿಯಾರ ನೋಡ್ಕೊಂಡ್ರು.

ಅಲ್ಲೇ ಪಕ್ಕದ ಹಿತ್ತಲದಾಗ ಧಪ್ ಧಪ್ ಅಂತ ಸಪ್ಪಳ. ಇಣುಕಿ ನೋಡಿದ್ರ ನನ್ನ ವೀರ ಅಂಗಾತ ಮಲಗ್ಯಾನ, ಕೈಯಾಗ ಕತ್ತಿ ಹಿಡದಾನ, ಒಬ್ಬಾಕಿ ಅಜ್ಜಿ ಅವನ ಎದಿ ಮ್ಯಾಲೆ ಸೀರಿ ಬಡೀತಾಳ.

ಪ್ರೊಫೆಸರು ಮುಂದ ಹೋಗಿ ಮೈಸೂರು ಕಡಿ ಮಾತಿನಾಗ ಕೇಳಿದ್ರು. "ಅಮ್ಮ, ಇದು ಯಾರು ಅಂತ ಗೊತ್ತಾ ನಿಮಗೆ? ಊರಿಗಾಗಿ ಪ್ರಾಣ ಕೊಟ್ಟ ವೀರ."

"ಗೊತ್ತಿಲ್ಲೇನಪ್ಪ," ಅಂದ್ಳು ಅಜ್ಜಿ, ಸೀರಿ ಹಿಂಡಿಕೊಂತ. "ದಿನಾ ಅವನ ಮಾರಿ ತೊಳಿಯಾಕಿ ನಾನು. ನನ್ನ ಗಂಡನ ಮಾರಿನೂ ಅಷ್ಟು ನೋಡಿಲ್ಲ."

"ಇದು ಮ್ಯೂಸಿಯಂನಲ್ಲಿ ಇರಬೇಕಾದ ಕಲ್ಲು ಕಣಮ್ಮ."

"ಒಯ್ಯಪ್ಪ, ಯಾರು ಬ್ಯಾಡ ಅಂದ್ರು. ಹೆಂಗೂ ನಿಮ್ಮ ಊರಿಗೆ ಒಯ್ತಿ, ಈ ಅರಿವಿ ಗಂಟೂ ಒಯ್ಯಿ. ಒಗದು ಒಣಗಿಸಿ ಕಳಿಸು."

ಪ್ರೊಫೆಸರು ಬೂಟಿಗೆ ಬಿದ್ದ ಸಬಕಾರದ ನೊರಿ ಒರಸಿಕೊಂಡು ಜೀಪು ಹತ್ತಿದ್ರು. ನಾನು ಮುಗೀತು ಅಂದ್ಕೊಂಡೆ. ಆದ್ರ ಪುಣ್ಯಾತ್ಮ ಚಲೋ ವರದಿ ಬರದಿದ್ದ. "ವೀರಗಲ್ಲು ಸುಸ್ಥಿತಿಯಲ್ಲಿದೆ. ಸ್ಥಳೀಯರು ಪ್ರತಿದಿನ ಸ್ವಚ್ಛಗೊಳಿಸುತ್ತಿದ್ದಾರೆ."

ಕೊನೇ ಪ್ರಶ್ನೆ

ಎಲ್ಲಾ ಆತು, ಇನ್ನೇನು ಆರ್ಡರ್ ಬರತೈತಿ ಅನ್ನೋವಾಗ ಹೆಡ್ಡಿಗೆ ಇನ್ನೊಂದು ಪ್ರಶ್ನೆ ಬಂತು. ಅರ್ಜಿದಾರರು ಇಲ್ಲದಿದ್ದರೆ ವಿಭಾಗಕ್ಕೆ ತೊಂದರೆ ಆಗುವುದೇ?

ಗುಮಾಸ್ತಗ ಫೋನ್ ಮಾಡಿದೆ. "ಆಗತೈತಿ ಅಂತ ಬರದ್ರ?"

"ರಜಾ ಇಲ್ರಿ."

"ಆಗಂಗಿಲ್ಲ ಅಂತ ಬರದ್ರ?"

"ಇಲ್ದಿದ್ರೂ ನಡೀತೈತಿ ಅಂದ್ರ ಈ ಹುದ್ದಿ ಯಾಕ ಅಂತ ತಗದಾ ಬಿಡ್ತಾರ್ರಿ."

ಎರಡು ದಿನ ಬರದು ಬರದು ಹರದು ಹಾಕಿದೆ. ಮೂರನೇ ದಿನ ಮುಂಜಾನಿ ಬಚ್ಚಲದಾಗ ಬುದ್ಧಿ ಹೊಳೀತು. ನೀರು ಸೋರೋ ಮೈಲೇ ಬಂದು ಬರದೆ: "ಅರ್ಜಿದಾರರು ಅತ್ಯಗತ್ಯ. ಆದರೆ ಮುಖ್ಯಸ್ಥರು ಅಸಾಧಾರಣ ಸಮರ್ಥರಾಗಿದ್ದು, ಒಂದು ವರ್ಷ ಹೇಗೋ ನಿಭಾಯಿಸುತ್ತಾರೆ." ನನ್ನ ಬುದ್ಧಿಗೆ ನಾನಾ ಮೆಚ್ಚಿ ಅವತ್ತು ಎರಡು ಪ್ಲೇಟು ಮಿರ್ಚಿ ತಿಂದೆ.

ಆರ್ಡರ್ ಬಂತು. ಅರ್ಜಿದಾರರಿಗೆ ಒಂದು ವರ್ಷ ರಜಾ ಮಂಜೂರು. ಕೆಳಗ ಷರತ್ತು: ಸದರಿ ಅವಧಿಯಲ್ಲಿ ಇವರ ಎಲ್ಲಾ ತರಗತಿಗಳನ್ನು ಸಮರ್ಥರಾದ ಮುಖ್ಯಸ್ಥರೇ ತೆಗೆದುಕೊಳ್ಳತಕ್ಕದ್ದು.

ನಮ್ಮಾಕಿ ಎರಡು ಸಲ ಓದಿಸಿದ್ಳು. "ಅಂದ್ರ ನೀವು ಮನ್ಯಾಗಿರ್ತೀರೋ, ಹೋಗ್ತೀರೋ? ನಾ ರೊಟ್ಟಿ ಕಟ್ಟಬೇಕೋ ಬ್ಯಾಡೋ?"

"ಹೆಡ್ಡಿಗೆ ಕಟ್ಟು. ನಾನು ಮನ್ಯಾಗ ಉಣ್ತೀನಿ."

ಹಂಗಾ ನಡೀತು ನೋಡ್ರಿ. ಮುಂಜಾನಿ ಹೆಡ್ಡಾಗಿ ಹೋಗಿ ಪಾಠ ಮಾಡೋದು, ಮಧ್ಯಾಹ್ನ ರಜಾದಾಗ ಇರೋದು. ಟಿವಿಎಸ್ ಮ್ಯಾಲೆ ಒಂದಿನ ಮೈಲಾರದ ಕಡಿ, ಒಂದಿನ ಹಗರಿಬೊಮ್ಮನಹಳ್ಳಿ ಕಡಿ, ಕಲ್ಲು ಹುಡುಕ್ಕೊಂತ. ಹಾಜರಿ ಪುಸ್ತಕದಾಗ ಮ್ಯಾಲಿನ ಸಾಲಿನಾಗ ನನ್ನ ಸಹಿ, ಕೆಳಗಿನ ಸಾಲಿನಾಗ ನನ್ನ ರಜಾ. ಮಳಿ ಬಂದ ದಿನ ವಿಭಾಗದಾಗ ಕುಂತು ಬರೀತಿದ್ರ ಜವಾನ ಬಾಗಿಲಾಗ ನಿಂತು ಹೇಳ್ತಿದ್ದ, "ಈಗ ನೀವು ರಜಾದಾಗ ಅದೀರಿ ಸರ್. ರಜಾದಾಗಿರೋರಿಗೆ ಆಫೀಸಿನ ಚಾ ಬರಂಗಿಲ್ಲ."

ಒಂದಿನ ಹಡಗಲಿ ಕಡಿಯಾಕಿ ಒಬ್ಬಾಕಿ ವಿದ್ಯಾರ್ಥಿನಿ ಎದ್ದು ನಿಂತ್ಳು. "ಸರ್, ರಜಾದಾಗ ಹೋದ ಸರ್ ಯಾವಾಗ ಬರ್ತಾರ್ರಿ?"

"ಇನ್ನೂ ಆರು ತಿಂಗಳೈತಿ. ಯಾಕವಾ?"

"ಏನಿಲ್ರಿ. ಅವರು ಬರೋದರೊಳಗ ಸಿಲಬಸ್ ಮುಗಿಸಿಬಿಡ್ರಿ."

ವರ್ಷ ಮುಗಿಯೋದಕ್ಕ ಟ್ರಂಕು ಖಾಲಿ ಆಗಿ ಪುಸ್ತಕ ಆತು. ರಟ್ಟಿನ ಮ್ಯಾಲೆ ಅಜ್ಜಿಯ ವೀರನ ಫೋಟೋ. ಒಂದು ಪ್ರತಿ ಅಜ್ಜಿಗೆ ಕೊಟ್ಟು ಬಂದೆ. ಕಣ್ಣಿನ ಹತ್ರ ಹಿಡದು ನೋಡಿ, "ಮಾರಿ ಸ್ವಚ್ಛ ಬಂದೈತಿ" ಅಂದ್ಳು. ಅರ್ಜಿದಾರರು ರಜಾದಾಗ ಖರೇನ ಕೆಲಸ ಮಾಡ್ಯಾರ ಅಂತ ಹೆಡ್ಡು ಪ್ರಮಾಣಪತ್ರ ಕೊಡಬೇಕಿತ್ತು. "ಕಣ್ಣಾರೆ ಕಂಡಿದ್ದೇನೆ" ಅಂತ ಬರಕೊಟ್ಟೆ.

ಒಂದು ತಿಂಗಳಾದ ಮ್ಯಾಲೆ ವಿಶ್ವವಿದ್ಯಾಲಯದಿಂದ ಎರಡು ಲಕೋಟಿ ಬಂದ್ವು. ಜವಾನ ಮೊದಲಿನಂಗ ಈ ಕಡಿಯಿಂದ ಒಂದು, ಆ ಕಡಿಯಿಂದ ಒಂದು ಕೊಟ್ಟ.

ಹೆಡ್ಡಿಗೆ ಬಂದದ್ದು ಮೆಚ್ಚುಗಿ ಪತ್ರ. ಇಡೀ ವರ್ಷ ಒಬ್ಬರೇ ವಿಭಾಗದ ಹೊರೆ ಹೊತ್ತ ತಮ್ಮ ಸೇವೆ ಮಾದರಿಯಾದದ್ದು ಅಂತ, ಮ್ಯಾಲೆ ದೊಡ್ಡ ಮುದ್ರಿ. ನಮ್ಮಾಕಿ ಅದಕ್ಕ ಕಟ್ಟು ಹಾಕಿಸಿ ಪಡಸಾಲಿಯಾಗ ತೂಗಹಾಕ್ಯಾಳ, ಈಗಲೂ ಐತಿ.

ಅರ್ಜಿದಾರಗ ಬಂದದ್ದು ಎರಡು ಸಾಲು. "ತಾವು ರಜೆಯಲ್ಲಿದ್ದಾಗ ತಮ್ಮ ಮುಖ್ಯಸ್ಥರು ಪಟ್ಟ ಶ್ರಮವನ್ನು ನೋಡಿ, ತಾವು ಇನ್ನಾದರೂ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿಯತಕ್ಕದ್ದು."

ಅವತ್ತಿನಿಂದ ಆ ಹೆಡ್ಡನ್ನ ಕಂಡ್ರ ನನಗ ಆಗಂಗಿಲ್ಲ.